ಚೆನ್ನಾಜಿಯ ದನಿ ಇದ್ದ ಗಡಿಗೆ

ಬಹಳ ಹಿಂದೆ, ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ, ಕೊರಲೂರು ಅಂತ ಒಂದು ರಾಜ್ಯವಿತ್ತು. ಅದಕ್ಕೊಬ್ಬ ಅರಸನೂ ಇದ್ದ. ಅವನಿಗೆ ಈ ಕತೆಯಲ್ಲಿ ಕೆಲಸವಿಲ್ಲ, ಅರಮನೆಯಲ್ಲಿ ಹಾಯಾಗಿರಲಿ. ಕೆಲಸವಿರುವುದು ಚೆನ್ನಾಜಿಗೆ. ಅವಳು ಆ ರಾಜ್ಯದ ಹಾಡುಮೇಳದ ಗುರು. ದನ ಕಾಯುವವರು, ಬಟ್ಟೆ ನೇಯುವವರು, ಹೂ ಮಾರುವವರು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದೇ ಶ್ರುತಿಯಲ್ಲಿ ಹಾಡಿಸುತ್ತಿದ್ದಳು.

ಒಂದು ದಿನ ಗವಿಮಾರನೆಂಬ ಮಾಯಾವಿ ತಾಲೀಮಿಗೆ ಬಂದ. "ನನ್ನನ್ನೂ ಮೇಳಕ್ಕೆ ಸೇರಿಸಿಕೊ" ಅಂದ. ಹಾಡು ಅಂದರು, ಹಾಡಿದ. ಸೂರಿನಲ್ಲಿದ್ದ ಪಾರಿವಾಳಗಳು ಎದ್ದು ಹೋದವು.

"ದನಿ ಕೆಟ್ಟದ್ದಲ್ಲಪ್ಪಾ. ನಿನಗೆ ಕಿವಿ ಇಲ್ಲ, ಅಷ್ಟೇ" ಅಂದಳು ಚೆನ್ನಾಜಿ. "ಪಕ್ಕದವರು ಏನು ಹಾಡ್ತಿದ್ದಾರೆ ಅಂತ ನೀನು ಕೇಳಿಸ್ಕೊಳ್ಳೋದೇ ಇಲ್ಲ. ಸ್ವಲ್ಪ ದಿನ ಸುಮ್ಮನೆ ಕೂತು ಕೇಳು."

ಮಾಯಾವಿಗಳಿಗೆ ಇಂಥ ಮಾತು ಹೇಳಬಾರದು. ಗವಿಮಾರ ಸೊಂಟದಿಂದ ಪುಟ್ಟ ಗಡಿಗೆಯೊಂದನ್ನು ತೆಗೆದು ಅವಳ ಬಾಯಿಗೆ ಹಿಡಿದ. ಅವಳ ದನಿ ಗಡಿಗೆಯೊಳಕ್ಕೆ ಇಳಿಯಿತು. ಮೇಲೆ ಬಟ್ಟೆ ಕಟ್ಟಿದ.

"ಅಮಾವಾಸ್ಯೆಯೊಳಗೆ ನನ್ನ ಗವಿಗೆ ಬಂದು ಬಿಡಿಸಿಕೊಂಡರೆ ಸರಿ. ಇಲ್ಲದಿದ್ದರೆ ಇದು ಒಳಗೇ ಒಣಗಿ ಬೂದಿಯಾಗುತ್ತೆ" ಎಂದು ಹೇಳಿ ಹೊರಟುಹೋದ.

ಚೆನ್ನಾಜಿ ಬಾಯಿ ತೆರೆದಳು. ಬರೀ ಗಾಳಿ ಬಂತು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಮೇಳದವರು ಅವತ್ತೇ ಮೊದಲು ನೋಡಿದ್ದು. ಎಲ್ಲರೂ ಬುತ್ತಿ ಕಟ್ಟಿಕೊಂಡು ಅವಳ ಜೊತೆ ಹೊರಟರು.

ಮೇಳದಲ್ಲಿ ಬೊಮ್ಮಯ್ಯ ಎಂಬ ದನಗಾಹಿ ಇದ್ದ. ಗುಡ್ಡದಾಚೆಯ ಹಸುವೂ ತಿರುಗಿ ನೋಡುವಂಥ ಗಂಟಲು. "ನಾನೊಬ್ಬ ಸಾಕು ಬಿಡವ್ವಾ. ಒಂದು ಕೂಗು ಹಾಕಿದರೆ ಆ ಗವಿಯೇ ಬಿದ್ದುಹೋಗ್ತದೆ" ಎಂದು ಉಸಿರೆಳೆದ. ಅವನು ಉಸಿರೆಳೆದರೆ ಭುಜಗಳೆರಡೂ ಕಿವಿಗೆ ತಾಗುತ್ತಿದ್ದವು. ಭುಜ ಇಳಿಸು, ಹೊಟ್ಟೆಯಿಂದ ಉಸಿರು ತಗೋ ಎಂದು ಚೆನ್ನಾಜಿ ವರ್ಷಗಟ್ಟಲೆ ಬೈದಿದ್ದಳು. ಈಗ ಬೈಯಲು ದನಿಯಿಲ್ಲ. ಎರಡೂ ಅಂಗೈಗಳನ್ನು ಕೆಳಕ್ಕೆ ಒತ್ತಿ ತೋರಿಸಿದಳು.

"ಕೂತ್ಕೋ ಅಂತಿದ್ದಾರೆ" ಎಂದು ಬೊಮ್ಮಯ್ಯ ದಾರಿಯಲ್ಲೇ ಕೂತ.

"ಏಳೋ ಪೆದ್ದೇ, ಭುಜ ಇಳಿಸು ಅಂತಿರೋದು" ಅಂದಳು ನಿಂಗಾಜಮ್ಮ. ಹೂ ಮಾರುವ ಮುದುಕಿ, ಸಾಲಿನಲ್ಲಿ ಅವನ ಪಕ್ಕದಲ್ಲೇ ನಿಲ್ಲುವವಳು.

ಮೊದಲು ಸಿಕ್ಕಿದ್ದು ಕಾಡು. ಕಾಡಿನ ಬಾಯಲ್ಲಿ ಮೊರದಗಲ ಕಿವಿಯ ಕರಡಿಯೊಂದು ಕೂತಿತ್ತು. "ಹಾಡ್ತಾ ದಾಟಿ. ಯಾರ ದನಿ ಬೇರೆಯಾಗಿ ಕೇಳುತ್ತೋ ಅವರನ್ನ ತಿಂತೀನಿ" ಅಂದಿತು.

ಹಾಡಿದರು. ಬೊಮ್ಮಯ್ಯನ ದನಿ ಎಲ್ಲರ ತಲೆಯ ಮೇಲೆ ಹೋಯಿತು. ಕರಡಿ ಬಂದು ಅವನ ಹೆಗಲ ಮೇಲೆ ಪಂಜ ಇಟ್ಟಿತು. ಚೆನ್ನಾಜಿ ತನ್ನ ಕಿವಿ ಮುಟ್ಟಿ ತೋರಿಸಿ, ಆಮೇಲೆ ನಿಂಗಾಜಮ್ಮನ ಕಡೆ ಕೈ ಮಾಡಿದಳು. ಬೊಮ್ಮಯ್ಯ ಬೆವರುತ್ತ, ಮುದುಕಿಯ ದನಿ ತನಗೆ ಕೇಳಿಸುವವರೆಗೂ ತನ್ನದನ್ನು ತಗ್ಗಿಸಿದ. ಕರಡಿ ಸಾಲಿನುದ್ದಕ್ಕೂ ಓಡಾಡಿ ಕಿವಿಯಿಟ್ಟು ಕೇಳಿತು. "ಇಲ್ಲಿ ಒಬ್ಬರೇ ಇರೋ ಹಾಗಿದೆಯಲ್ಲ" ಎಂದು ಬೇಸರದಿಂದ ಮಲಗಿಬಿಟ್ಟಿತು.

ಎರಡನೆಯದು ಕಲ್ಲುಕಣಿವೆ. ಅಲ್ಲಿ ಹಾಡದೆ ನಡೆಯುವ ಹಾಗಿಲ್ಲ, ತಾಳ ತಪ್ಪಿದರೆ ಎರಡು ಬದಿಯ ಬಂಡೆಗಳೂ ಹತ್ತಿರ ಸರಿಯುತ್ತವೆ. ಹಾಡಿದ್ದು ಬಂಡೆಗೆ ಬಡಿದು ತಡವಾಗಿ ವಾಪಸ್ಸು ಬರುತ್ತಿತ್ತು. ಆ ಮಾರ್ದನಿಯನ್ನು ಕೇಳಿ ಹಾಡಿದವರೆಲ್ಲ ನಿಧಾನವಾದರು, ಬಂಡೆಗಳು ಸರಿದವು. ಚೆನ್ನಾಜಿ ಹಿಮ್ಮುಖವಾಗಿ ನಡೆಯುತ್ತ, ಎಲ್ಲರಿಗೂ ಕಾಣುವ ಹಾಗೆ ಕೈಯೆತ್ತಿ ತಾಳ ಹಾಕಿದಳು.

"ಕಿವಿ ನಂಬಬೇಡ್ರೋ, ಕೈ ನೋಡ್ರೋ!" ಎಂದು ನಿಂಗಾಜಮ್ಮ ಕೂಗಿದಳು. ಕೈ ನೋಡಿಕೊಂಡು ದಾಟಿದರು. ಕಾಡಿನಲ್ಲಿ ಕಿವಿಯನ್ನೇ ನಂಬಬೇಕು, ಕಣಿವೆಯಲ್ಲಿ ನಂಬಲೇಬಾರದು. ಮೇಳ ಅಂದರೆ ಹೀಗೆಯೇ, ಏನು ಮಾಡುವುದು.

ಅಮಾವಾಸ್ಯೆಯ ಮಧ್ಯಾಹ್ನ ಗವಿ ಸಿಕ್ಕಿತು. ಗೂಡುಗಳ ತುಂಬ ಬಟ್ಟೆ ಕಟ್ಟಿದ ಗಡಿಗೆಗಳು. ಒಂದು ಗಡಿಗೆ ಚೆನ್ನಾಜಿಯನ್ನು ಕಂಡು ಗಡಗಡ ಅಲುಗಿತು. ಗವಿಮಾರ ಒಂದು ದೀಪ ಹಚ್ಚಿಟ್ಟ.

"ಈ ದೀಪ ಆರೋವರೆಗೆ ಒಂದೇ ಸ್ವರ ಹಿಡೀಬೇಕು. ನಡುವೆ ಕಡಿದರೆ ನಿಮ್ಮೆಲ್ಲರ ದನಿಯೂ ನನ್ನದು."

ಚೆನ್ನಾಜಿ ಮೂಗು ಮುಟ್ಟಿ, ಬೆರಳುಗಳನ್ನು ಒಂದರ ಹಿಂದೊಂದು ಮಡಿಸಿದಳು. ಮೇಳದವರಿಗೆ ಅರ್ಥವಾಯಿತು. ಅದು ತಾಲೀಮಿನಲ್ಲಿ ಮಾಡುತ್ತಿದ್ದ ಕಳ್ಳ ಉಸಿರು. ಪಕ್ಕದವರು ಹಾಡುತ್ತಿರುವಾಗ ನೀನು ಸದ್ದಿಲ್ಲದೆ ಉಸಿರು ಕದಿಯಬೇಕು, ಅವರು ಕದಿಯುವಾಗ ನೀನು ಹಿಡಿದಿರಬೇಕು. ಇಬ್ಬರೂ ಒಟ್ಟಿಗೆ ಕದ್ದರೆ ಕೆಟ್ಟಿತು.

ಸ್ವರ ಎದ್ದಿತು, ನಿಂತಿತು. ದೀಪ ಸಣ್ಣಗಾಯಿತು. ಗವಿಮಾರ ಬೆನ್ನ ಹಿಂದಿನಿಂದ ಗಿಂಡಿ ತೆಗೆದು ಎಣ್ಣೆ ಸುರಿದ. ಮತ್ತೆ ಸಣ್ಣಗಾಯಿತು, ಮತ್ತೆ ಸುರಿದ. ಥೂ, ಮೋಸಗಾರ! ಹಾಡುವವರ ತುಟಿ ಒಣಗಿತು. ಬೊಮ್ಮಯ್ಯನ ಭುಜ ಮೇಲೇರಿ ಕತ್ತು ಕೆಂಪಾಯಿತು. ನಿಂಗಾಜಮ್ಮ ಉಸಿರು ಕದಿಯುವ ಹೊತ್ತಿಗೇ ಅವನದೂ ಮುಗಿಯುವುದರಲ್ಲಿತ್ತು. ಚೆನ್ನಾಜಿ ಓಡಿಬಂದು ಒಂದು ಕೈಯಿಂದ ಅವನ ಭುಜ ಒತ್ತಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟಳು. ಭುಜ ಇಳಿಯಿತು, ಹೊಟ್ಟೆ ಬಿಗಿಯಿತು. ಕೊನೆಯ ಎಳೆಯಷ್ಟು ಉಸಿರಿನಲ್ಲಿ ಅವನು ಹಿಡಿದ, ಮುದುಕಿ ಬಂದು ಕೂಡಿಕೊಂಡಳು.

ಸ್ವರ ಎಲ್ಲಾದರೂ ಕಡಿಯುತ್ತದೋ ಎಂದು ಗವಿಮಾರ ಹತ್ತಿರ ಬಂದು ಕಿವಿಗೊಟ್ಟ. ಇನ್ನೊಬ್ಬರು ಹಾಡುವುದನ್ನು ಅವನು ಹುಟ್ಟಿದ ಮೇಲೆ ಕೇಳಿಸಿಕೊಂಡದ್ದು ಅದೇ ಮೊದಲು. ಒಬ್ಬರು ಬಿಡುವುದು, ಒಬ್ಬರು ಹಿಡಿಯುವುದು. ಅವನಿಗದು ಹಿತವಾಯಿತು. ತನಗೇ ತಿಳಿಯದ ಹಾಗೆ "ಊಂ" ಅಂದ. ಶ್ರುತಿ ಸರಿಯಾಗಿತ್ತು. ಗಿಂಡಿ ಕೈಯಲ್ಲೇ ಉಳಿಯಿತು, ದೀಪ ಆರಿತು.

ಗಡಿಗೆಗಳೆಲ್ಲ ಒಡೆದವು. ದನಿಗಳು ತಮ್ಮ ತಮ್ಮವರನ್ನು ಹುಡುಕಿಕೊಂಡು ಹೋದವು. ಅವುಗಳ ಜೊತೆ ಗವಿಮಾರನ ಮಾಯೆಯೂ ಹೋಯಿತು. ಬೊಮ್ಮಯ್ಯ ಕೇಕೆ ಹಾಕಲು ಉಸಿರೆಳೆದ. ಭುಜಗಳೆರಡೂ ಕಿವಿಗೆ ತಾಗಿದವು.

"ಭುಜ ಇಳಿಸೋ!"

ಎಲ್ಲರೂ ತಿರುಗಿ ನೋಡಿದರು. ಚೆನ್ನಾಜಿ ತನ್ನ ಬಾಯನ್ನು ತಾನೇ ಮುಟ್ಟಿಕೊಂಡು ನಿಂತಿದ್ದಳು. ಬೊಮ್ಮಯ್ಯ ಗೊಳೋ ಎಂದು ಅತ್ತ. "ಇನ್ನೊಂದು ಸಲ ಬೈಯವ್ವಾ" ಅಂದ.

ಗವಿಮಾರ ತಲೆ ತಗ್ಗಿಸಿ, "ನಾನು ಬರಬಹುದಾ?" ಎಂದು ಕೇಳಿದ. "ಬೆಳಿಗ್ಗೆ ಬಾ, ಹಿಂದಿನ ಸಾಲು" ಅಂದಳು ಚೆನ್ನಾಜಿ.

ಆಮೇಲೆ ಕೊರಲೂರಿನಲ್ಲಿ ಎಲ್ಲರೂ ಉಂಡು, ಹಾಡಿ, ಸುಖವಾಗಿದ್ದರು. ಬೊಮ್ಮಯ್ಯ ಭುಜ ಇಳಿಸುವುದನ್ನು ಚೆನ್ನಾಗಿಯೇ ಕಲಿತ. ಆದರೂ ದಿನಾ ತಾಲೀಮು ಶುರುವಾಗುವಾಗ ಒಂದು ಸಲ ಬೇಕಂತಲೇ ಎತ್ತುತ್ತಿದ್ದ.