ಓಣಿಗೆ ಮುಖ, ಬಜಾರಕ್ಕೆ ಮುಖವಾಡ

"ಅದನ್ನ ಕೆಳಗ ಇಳಸು!"

ಏಣಿಯ ಮೇಲಿದ್ದ ಸಂಜೀವಕುಮಾರ ಬೆಚ್ಚಿ ತಿರುಗಿದ. ಕೆಳಗೆ ವಿಜಯಶ್ರೀ ನಿಂತಿದ್ದಳು. ಸಿಂದಗಿಯ ಬಜಾರದಲ್ಲಿ, ನಾಲ್ಕು ಮಂದಿಯ ಎದುರು, ಅವಳು ಅವನನ್ನು ಮಾತಾಡಿಸಿದ್ದು ಅದೇ ಮೊದಲು.

ಅವನ ಕೈಯಲ್ಲಿ ಸಿನಿಮಾದ ಪೋಸ್ಟರ್ ಇತ್ತು. ಅದರಿಂದ ಮೈದಾ ಅಂಟು ತೊಟ್ಟಿಕ್ಕುತ್ತಿತ್ತು.

"ನಮ್ಮ ಓಣ್ಯಾಗ ಹಚ್ಚಿದ್ರಾಗ ಹೀರೋಯಿನ್ ಮುಖ ಗ್ವಾಡಿತುಂಬ ಐತಿ. ಇಲ್ಲಿ ನೋಡಿದ್ರ ಮುಖವಾಡ ಹಾಕಿ ಹೀರೋನ ಹಿಂದ ನಿಂದ್ರಿಸ್ಯಾರ. ಯಾಕ?"

ಕಲ್ಲು ಒಡೆಯುವವರ ಮನೆಯ ಕಪ್ಪು ಹುಡುಗಿಯೊಬ್ಬಳು ಆಕಾಶಕ್ಕೆ ಹಾರಿ ಜಗತ್ತನ್ನೇ ಕಾಯುವ ಸೂಪರ್‌ಹೀರೋ ಸಿನಿಮಾ ಅದು.

ಸಂಜೀವನ ಕಣ್ಣು ರಸ್ತೆಯಾಚೆ ಹೋಯಿತು. ಅಲ್ಲಿ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಅವನ ಅಪ್ಪ ಗುರುಲಿಂಗಪ್ಪ ಇತ್ತಲೇ ನೋಡುತ್ತಿದ್ದರು.

"ನೀವು ಯಾರ್ರಿ? ಏನಿದ್ರೂ ಕಂಪನಿಯವ್ರನ್ನ ಕೇಳ್ರಿ," ಎಂದ ಸಂಜೀವ.

ನೀವು... ಯಾರ್ರಿ?

ನಾಲ್ಕು ತಿಂಗಳಿಂದ ಗ್ರಂಥಾಲಯದ ಕೊನೆಯ ಬೆಂಚಿನಲ್ಲಿ "ವಿಜೂ, ವಿಜೂ" ಎನ್ನುತ್ತಿದ್ದ ಬಾಯಿ ಅದು!

"ತಪ್ಪಾತ್ರಿ," ಎಂದು ಅವಳು ನಡೆದುಬಿಟ್ಟಳು. ಕಣ್ಣೀರು ಬರಲಿಲ್ಲ. ಕಿವಿ ಮಾತ್ರ ಸುಡುತ್ತಿದ್ದವು.

ವಿಜಯಶ್ರೀ ಮೋರಟಗಿಯ ದಲಿತರ ಓಣಿಯ ಬೌದ್ಧರ ಮನೆಯ ಹುಡುಗಿ. ಸಿಂದಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು. ಸಂಜೀವ ಸಿನಿಮಾ ಹಂಚಿಕೆದಾರರ ಬಳಿ ಪ್ರಚಾರದ ಕೆಲಸಕ್ಕಿದ್ದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ನಾಲ್ಕೂ ಊರಿನ ಗೋಡೆಗಳ ಉಸ್ತುವಾರಿ ಅವನದೇ.

ಸಿನಿಮಾ ಬಿಡುಗಡೆಗೆ ಮೊದಲು ಕಂಪನಿ ಹಾಸ್ಟೆಲಿನ ಹುಡುಗಿಯರಿಗೆ ಬಿಟ್ಟಿ ಆಟ ತೋರಿಸಿತ್ತು. ಆಟ ಮುಗಿದದ್ದೇ ಕ್ಯಾಮರಾ ಬಂತು. "ನಮ್ಮಂಥಾಕಿ ಹಾರಿದ್ಲು..." ಎಂದು ವಿಜಯಶ್ರೀ ಅತ್ತಿದ್ದಳು. ಆ ಅಳು ಈಗ ಜಾಹೀರಾತಾಗಿ ಎಲ್ಲರ ಮೊಬೈಲಿನಲ್ಲಿ ಓಡುತ್ತಿತ್ತು. ನಾಯಕಿಯ ಮುಖವಿದ್ದ ಪಾಟಿಚೀಲಗಳು ಹಾಸ್ಟೆಲಿನ ಗೇಟಿನೆದುರೇ ಮಾರಾಟಕ್ಕೆ ಬಂದಿದ್ದವು.

ಅದು ವ್ಯಾಪಾರ ಎಂದು ಅವಳಿಗೆ ಅತ್ತಾಗಲೂ ಗೊತ್ತಿತ್ತು. ಆದರೆ ತನ್ನ ಬಣ್ಣದ ಮುಖವನ್ನು ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಸಂಜೆ ಸಂಜೀವ ಏದುಸಿರು ಬಿಡುತ್ತ ಗ್ರಂಥಾಲಯಕ್ಕೆ ಬಂದ.

"ವಿಜೂ, ಯಾವ ಗ್ವಾಡಿಗೆ ಯಾವ ಪೋಸ್ಟರ್ ಅಂತ ಮುಂಬೈಯಿಂದ ಪಟ್ಟಿ ಬರ್ತೈತಿ. ಓಣಿಗೆ, ಹಾಸ್ಟೆಲ್‌ಗೆ ಆಕೀ ಮುಖ. ಬಜಾರಕ್ಕ ಹೀರೋ. ಆಕೀ ಮುಖ ಕಂಡ್ರ ಬಜಾರದ ಮಂದಿ ಟಾಕೀಸಿಗೆ ಬರಂಗಿಲ್ಲ ಅಂತ ಅವರ ಲೆಕ್ಕ."

"ಅಂದ್ರ ನಮಗ ನಮ್ಮ ಮುಖ ತೋರಿಸಿ ಮಾರೋದು, ನಿಮಗ ಅದನ್ನ ಮುಚ್ಚಿ ಮಾರೋದು. ಎರಡೂ ಕಡೆ ಗಲ್ಲಾ ತುಂಬ್ತೈತಿ. ಭಾರಿ ಐತಿ!"

"ಕಂಪನಿ ಮಾಡಿದ್ದಕ್ಕ ನಾ ಏನ್ ಮಾಡ್ಲಿ?"

"ಕಂಪನಿ ಮಾತು ಬಿಡು. ನಿಂದೂ ಎರಡು ಪೋಸ್ಟರ್ ಅದಾವಲ್ಲ? ಇಲ್ಲಿ ವಿಜೂ. ಬಜಾರದಾಗ ನೀವು ಯಾರ್ರಿ."

"ನಿನ್ನ ಹೆಸರು ಕೆಡಬಾರ್ದಂತ ಹಂಗಂದೆ..."

"ನನ್ನ ಹೆಸರೋ, ನಿಮ್ಮಪ್ಪನ ಅಂಗಡಿ ಹೆಸರೋ?"

ಬೆರಳಿಗೆ ಒಣಗಿ ಅಂಟಿದ್ದ ಮೈದಾ ಕೆರೆಯುತ್ತ ಅವನು ಹೇಳಿದ, "ಅಂಜಿದೆ."

ಇದು ಸುಳ್ಳಲ್ಲ, ಅಂದುಕೊಂಡಳು ಅವಳು. ಆದರೆ ಸಾಲದು!

"ಅಂಜಿಕಿ ಹೋದಮ್ಯಾಲ ಬಾ. ಅಲ್ಲೀತನಕ ಬರಬ್ಯಾಡ."

ಅವಳು ಪುಸ್ತಕ ತೆರೆದಳು. ಒಂದಕ್ಷರವೂ ಕಾಣಲಿಲ್ಲ.

ಎಂಟು ದಿನ ಅವನು ಬರಲಿಲ್ಲ. ಬರಬೇಡ ಎಂದವಳು ತಾನೇ... ಆದರೂ ಬಾಗಿಲು ಕಿರ್ರೆಂದಾಗಲೆಲ್ಲ ತಲೆ ಎತ್ತುತ್ತಿದ್ದಳು.

ಸಂತೆಯ ದಿನ ಮೋರಟಗಿಯ ಬಸ್ಸು ಹಿಡಿಯಲು ಅವಳು ಬಜಾರದೊಳಗೆ ಹಾಯ್ದು ಹೊರಟಿದ್ದಳು.

"ವಿಜೂ!"

ಏಣಿಯ ಮೇಲೆ ಸಂಜೀವ! ಮುಖವಾಡದ ಪೋಸ್ಟರಿನ ಮೇಲೆಯೇ ಆ ಕಪ್ಪು ಹುಡುಗಿಯ ದೊಡ್ಡ ಮುಖ ಅಂಟಿಸುತ್ತಿದ್ದ.

"ನೆಟ್ಟಗ ಐತೇನು ನೋಡು. ನಂಗ ಇಲ್ಲಿಂದ ಗೊತ್ತಾಗವಲ್ದು!"

ಸಂತೆಯ ಮಂದಿಯೆಲ್ಲ ಅವಳತ್ತ ತಿರುಗಿದರು. ಗುರುಲಿಂಗಪ್ಪ ಅಂಗಡಿಯ ಮೆಟ್ಟಿಲಿಗೆ ಬಂದರು.

"ಯಾರಲೇ ಆಕಿ?"

"ವಿಜಯಶ್ರೀರಿ ಅಪ್ಪಾ. ಮೋರಟಗಿ ಮಾನಪ್ಪನವರ ಮಗಳು." ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಆಕಿ ಒಪ್ಪಿದ್ರ ನಾ ಲಗ್ನ ಆಗಾಕಿ."

ಗುರುಲಿಂಗಪ್ಪ ಬೈಯಲಿಲ್ಲ. ಒಳಗೆ ಹೋಗಿ, ಮಡಚಿಟ್ಟಿದ್ದ ಸೀರೆಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದರು. ಬೈಗುಳ ಮುಂದೆ ಇದೆ, ಅದಕ್ಕಿಂತ ಕೆಟ್ಟದ್ದೂ ಇರಬಹುದು ಎಂದು ವಿಜಯಶ್ರೀಗೆ ಗೊತ್ತಿತ್ತು.

ಗೊತ್ತಿದ್ದೇ ಅವಳು ಹೋಗಿ ಏಣಿಯ ಬುಡ ಹಿಡಿದಳು.

"ಎಡಕ್ಕ ಒಂದೀಟ ಮ್ಯಾಲ... ಹಾಂ, ಸಾಕು."

ಅವನು ಇಳಿದ. ಮೊಣಕೈವರೆಗೂ ಅಂಟು.

"ಕೆಲಸ?"

"ಪಟ್ಟಿ ಮೀರೇನಿ. ನಾಳೆ ಗ್ವಾಡಿ ಫೋಟೋ ಕೇಳ್ತಾರ. ಹೋಗ್ತೈತಿ."

"ಈ ಮುಖ ನೋಡಿನೂ ಬಜಾರದ ಮಂದಿ ಟಿಕೀಟು ತಗೊಂಡ್ರ? ಮತ್ತ ಕಂಪನಿಗೇ ಲಾಭ."

"ಆಗ್ಲಿ ಬಿಡು. ನಾ ಹಚ್ಚಿದ್ದು ಅವರ ಸಲುವಾಗಿ ಅಲ್ಲ."

ಅವಳು ಅವನ ಮುಖವನ್ನೇ ನೋಡಿದಳು. "ಅಂಜಿಕಿ ಹೋತೇನು?"

"ಇಲ್ಲ. ಕಾಲು ಇನ್ನೂ ನಡಗಾಕತ್ತಾವು."

ವಿಜಯಶ್ರೀ ನಕ್ಕಳು. ಈಗ ಬಂತು ಕಣ್ಣೀರು! "ನನ್ನವೂ... ನಡಿ, ಚಹಾ ಕುಡಿಸು."

"ಕಾಸಿಂಸಾಬನ ಹೋಟೆಲಿನ್ಯಾಗ ಒಳಗ ಕುಂಡ್ರೂಣೇನು?"

"ಒಳಗ್ಯಾಕ? ಹೊರಗ, ಬಜಾರಕ್ಕೆಲ್ಲ ಕಾಣೂವಂಗ, ಬೆಂಚಿನ ಮ್ಯಾಲ."