ಕ್ಯಾಮೆರಾದ ಬೆನ್ನಿಗಿದ್ದ ಗ್ಯಾಲರಿ

ಬೀಪ್.

ರಾತ್ರಿ ಹತ್ತು ದಾಟಿತ್ತು. ಕಬಡ್ಡಿ ಪಂದ್ಯ ಮುಗಿದು, ಮ್ಯಾಟ್ ಸುತ್ತಿಟ್ಟು, ಕ್ರೀಡಾಂಗಣದ ಅರ್ಧ ದೀಪ ಆರಿಸಿದ್ದರು. ಖಾಲಿ ಗ್ಯಾಲರಿಯಲ್ಲಿ ಒಬ್ಬಳೇ ಕೂತು ಲ್ಯಾಪ್‌ಟಾಪಿನಲ್ಲಿ ಅಂಕಿ ತುಂಬುತ್ತಿದ್ದ ಸಂಘಮಿತ್ರಾ ತಲೆ ಎತ್ತಿದಳು. ಮತ್ತೆ ಬೀಪ್. ಸ್ವಲ್ಪ ತಡೆದು ಇನ್ನೊಂದು. ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಮಾಡಿದಾಗ ಬರುವ ಸದ್ದು ಅದು. ಆದರೆ ಈ ಹೊತ್ತಿನಲ್ಲಿ ಒಳಗೆ ಬರುವವರು ಯಾರು?

ಎಲೆ ಅಲುಗಿದರೂ ಎದೆ ಹಿಡಿದುಕೊಳ್ಳುವ ಸ್ವಭಾವ ಅವಳದು. ಬ್ಯಾಗು ಹೆಗಲಿಗೇರಿಸಿ, ಹೊರಗೆ ಓಡಬೇಕಾದರೆ ಯಾವ ಬಾಗಿಲೆಂದು ಮೊದಲೇ ನೋಡಿಟ್ಟುಕೊಂಡು, ಆಮೇಲೆ ಗೇಟಿನತ್ತ ನಡೆದಳು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಕೂತಿದ್ದ. ತೊಡೆಯ ಮೇಲೆ ಯಾರೂ ಬಳಸದ ಫ್ರೀ ಪಾಸುಗಳ ಕಟ್ಟು. ಒಂದೊಂದನ್ನೇ ತೆಗೆದು ಸ್ಕ್ಯಾನರಿಗೆ ತೋರಿಸುತ್ತಿದ್ದ.

"ಪಂದ್ಯ ಮುಗದೈತಲ್ರಿ," ಅಂದಳು.

ಅವನು ಹೌಹಾರಿ ಎದ್ದ. ಪಾಸುಗಳೆಲ್ಲ ನೆಲಕ್ಕೆ ಚೆಲ್ಲಿದವು. "ಅಯ್ಯ! ಮಂದೀನ ಹಿಂಗ ಅಂಜಸ್ತಾರೇನ್ರಿ? ಯಾರ್ರಿ ನೀವು?"

"ಎಣಸಾಕ ಬಂದಾಕಿ."

"ಏನ ಎಣಸಾಕ?"

"ಮಂದೀನ."

ಅವನು ನೆಲದ ಮೇಲಿನ ಪಾಸು ನೋಡಿದ, ಅವಳನ್ನು ನೋಡಿದ. ಸೋತವನ ನಗೆಯೊಂದು ಮುಖದ ಮೇಲೆ ಬಂತು. "ಹಂಗಾರ ಸಿಕ್ಕೊಂಡೆ ಅನ್ರಿ."

ಅವನು ಶಿವಯೋಗೀಶ, ಹುಬ್ಬಳ್ಳಿ ತಂಡದ ಗೇಟ್ ಇನ್‌ಚಾರ್ಜ್. ಒಂದು ಕಾಲಕ್ಕೆ ತಾನೂ ಆಡಿದವನು. ಭುಜದ ಕೀಲು ತಪ್ಪಿದ ಮೇಲೆ ಗೇಟಿಗೆ ಬಂದಿದ್ದ. ಅವಳದು ಧಾರವಾಡದ ಒಂದು ಸಣ್ಣ ಅಧ್ಯಯನ ಸಂಸ್ಥೆಯಲ್ಲಿ ಕೆಲಸ. ಈ ಹೊಸ ಕಬಡ್ಡಿ ಲೀಗಿಗೆ ಹಣ ಹಾಕಿದ್ದ ಪಂಪ್‌ಸೆಟ್ ಕಂಪನಿ ಒಂದು ವರದಿ ಕೇಳಿತ್ತು. ಕ್ರಿಕೆಟ್, ಫುಟ್‌ಬಾಲ್, ವಾಲಿಬಾಲ್, ಕಬಡ್ಡಿ, ಯಾವ ಲೀಗಿಗೆ ಎಷ್ಟು ಜನ ಬರುತ್ತಾರೆ, ಹಣ ಎಲ್ಲಿಂದ ಹುಟ್ಟುತ್ತದೆ? ಮುಂದಿನ ವರ್ಷ ಲೀಗು ಉಳಿಯುವುದು ಆ ಹೋಲಿಕೆಯ ಮೇಲೆ ನಿಂತಿತ್ತು.

"ಇದನ್ನ ಯಾಕ ಮಾಡಾಕತ್ತೀರಿ?" ಕೇಳಿದಳು.

"ಯಜಮಾನ್ರು ಹೇಳ್ಯಾರ್ರಿ. ಸ್ಕ್ಯಾನರಿನ್ಯಾಗ ಮಂದಿ ತುಂಬಿದ್ರನ ಕಂಪನಿ ಎರಡನೇ ಕಂತು ಕೊಡತೈತಂತ. ಕಂತು ಬಂದ್ರನ ಹುಡುಗೂರಿಗೆ ಪಗಾರ."

ಯಜಮಾನರೆಂದರೆ ಅಮರಗೋಳದ ಹತ್ತಿ ವ್ಯಾಪಾರಿ ಗುರುಸಿದ್ದಯ್ಯ, ತಂಡದ ಮಾಲೀಕರು.

"ನಾ ಕಂಡಿದ್ದನ್ನ ಬರೀಬೇಕಾಗತೈತ್ರಿ."

"ಬರೀರಿ." ಅವನು ಬಗ್ಗಿ ಪಾಸು ಆರಿಸತೊಡಗಿದ. "ನಾಳಿಂದ ಇದು ನನ್ನ ಕೈಲೆ ಆಗೂದಿಲ್ಲ. ಯಾರರ ನೋಡ್ಲಿ ಅಂತನ ದಾರಿ ಕಾಯಾಕತ್ತಿದ್ನೋ ಏನೋ."

ಅವಳೂ ಬಗ್ಗಿದಳು. ಒಂದೇ ಪಾಸಿಗೆ ಇಬ್ಬರ ಕೈ ಹೋಯಿತು. ಇಬ್ಬರೂ ಅದನ್ನು ಅಲ್ಲೇ ಬಿಟ್ಟರು.

ಮರುದಿನದಿಂದ ಗೇಟು ನಿಜ ಹೇಳತೊಡಗಿತು. ಟೀವಿ ಕ್ಯಾಮೆರಾ ನೋಡುವ ಬದಿಗೆ ಇದ್ದಬದ್ದ ಜನರನ್ನೆಲ್ಲ ಒತ್ತಿ ಕೂರಿಸುವುದು ಅಲ್ಲಿಯ ಪದ್ಧತಿ. ಮನೆಯಲ್ಲಿ ಕೂತವರಿಗೆ ಕ್ರೀಡಾಂಗಣ ಕಿಕ್ಕಿರಿದಂತೆ ಕಾಣಬೇಕು. ಕ್ಯಾಮೆರಾದ ಬೆನ್ನಿಗಿದ್ದ ಗ್ಯಾಲರಿ ಪೂರ್ತಿ ಖಾಲಿ. ಎದುರಿನವರನ್ನು ಎಣಿಸಲು ಅನುಕೂಲವೆಂದು ಸಂಘಮಿತ್ರಾ ಅಲ್ಲೇ ಕೂರುತ್ತಿದ್ದಳು. ಗೇಟು ಮುಚ್ಚಿದ ಮೇಲೆ ಶಿವಯೋಗೀಶ ಎರಡು ಪೊಟ್ಟಣ ಚುರುಮುರಿಯ ಗಿರಮಿಟ್ಟು ಹಿಡಿದು ಬರುತ್ತಿದ್ದ, ಎರಡು ಕುರ್ಚಿ ಬಿಟ್ಟು ಕೂರುತ್ತಿದ್ದ.

"ನಿಮ್ಮ ಲೆಕ್ಕದಾಗ ನಾ ಎಲ್ಲಿ ಬರತೇನ್ರಿ ಮೇಡಂ? ಟಿಕೆಟಿನಾಂವೋ, ಪಾಸಿನಾಂವೋ?"

"ಡ್ಯೂಟಿ ಮ್ಯಾಲಿದ್ದವರನ್ನ ಎಣಸೂದಿಲ್ಲ."

"ಅಂದ್ರ ಲೆಕ್ಕಕ್ಕನ ಇಲ್ಲ."

"ಸುಮ್ಮನ ತಿನ್ರಿ. ಚುರುಮುರಿ ಮೆತ್ತಗಾಗತಾವ."

ಎಣಿಸುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಅವನು ಮ್ಯಾಟಿನ ಕಡೆ ಮುಖ ಮಾಡಿ, ಕಣ್ಣಂಚಿನಲ್ಲಿ ಅದನ್ನೇ ನೋಡುತ್ತಿದ್ದ. ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾದ ಕ್ಷಣ ಎಣಿಕೆ ತಪ್ಪುತ್ತಿತ್ತು.

"ಆ ಕಡೆ ನೋಡ್ರಿ. ಮತ್ತ ಮೊದಲಿಂದ ಎಣಸಬೇಕಾತು."

"ಆ ಕಡೆ ನೋಡಾಕ ಏನೈತ್ರಿ? ನಮ್ಮಾವ್ರು ಸೋಲಾಕತ್ತಾರ."

ಅವಳು ತನ್ನ ಕೆಲಸದ ಮಾತು ಹೇಳುತ್ತಿದ್ದಳು. "ದೊಡ್ಡ ಕ್ರಿಕೆಟ್ ಲೀಗಿಗೆ ಗ್ಯಾಲರಿ ಖಾಲಿ ಇದ್ರೂ ನಡೀತೈತ್ರಿ, ರೊಕ್ಕ ಟೀವಿಯಿಂದ ಬರತೈತಿ. ಸಣ್ಣ ಲೀಗಿಗೆ ಮಂದಿನ ಬರಬೇಕು. ಮಂದಿ ಬರಲಿಲ್ಲಂದ್ರ ಒಬ್ಬರ ಕಿಸೆ ನಂಬಿ ಬದುಕಬೇಕು."

"ಆ ಕಿಸೆ ಹರಿದ್ರ?"

ಅವಳು ಮ್ಯಾಟಿನತ್ತ ತಿರುಗಿದಳು. ಕೆಳಗೆ ಮುಜಾಫರ ರೇಡಿಗೆ ಹೊರಟಿದ್ದ. ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡಿದ್ದರೂ ಅವನೇ ತಂಡದ ಆಧಾರ. ಉಸಿರು ಬಿಡದೆ ಹೋದವನು ಕುಂಟುತ್ತ ಹಿಂದಿರುಗಿದ.

ಆ ಖಾಲಿ ಗ್ಯಾಲರಿಯಲ್ಲಿ ಅವರಿಬ್ಬರನ್ನು ನೋಡುವವರೇ ಇರಲಿಲ್ಲ. ಆ ಸುಖವೇ ಅವಳನ್ನು ಹೆದರಿಸಿತು. ಇವನು ಬರುವುದು ನನಗಾಗಿಯೋ, ವರದಿಗಾಗಿಯೋ? ಅನುಮಾನ ನುಂಗಲಾರದೆ ಒಂದು ಸಂಜೆ ಕೇಳಿಯೇಬಿಟ್ಟಳು.

ಅವನ ಕೈಯಲ್ಲಿದ್ದ ಪೊಟ್ಟಣ ಮೆಲ್ಲಗೆ ಮುಚ್ಚಿಕೊಂಡಿತು. "ಹಂಗ ಅನಸಿದ್ರ ನಾಳಿಂದ ಬರೂದಿಲ್ರಿ."

ಬರಲಿಲ್ಲ. ಕೊನೆಗೆ ಅವಳೇ ಎರಡು ಕಪ್ಪು ಚಹಾ ಹಿಡಿದು ಗೇಟಿಗೆ ಹೋದಳು. ಅವನು ಒಂದು ಕಪ್ಪು ತೆಗೆದುಕೊಂಡ, ಅವಳ ಬೆರಳನ್ನು ತುಸು ಹೆಚ್ಚು ಹೊತ್ತು ಹಿಡಿದ. ಹೇಳಿದ್ದೆಲ್ಲ ಅಷ್ಟೇ.

ವರದಿಯಲ್ಲಿ ಅವಳು ಯಾವುದನ್ನೂ ಮುಚ್ಚಿಡಲಿಲ್ಲ. ಉಳಿದ ಲೀಗುಗಳ ಪಕ್ಕದಲ್ಲಿ ಕಬಡ್ಡಿಯ ಗ್ಯಾಲರಿ ಬಡವಾಗಿಯೇ ಕಂಡಿತು. ಕಡೆಯ ಪುಟದಲ್ಲಿ ಒಂದು ವಾಕ್ಯವನ್ನು ಹತ್ತಾರು ಸಲ ಅಳಿಸಿ ಬರೆದಳು: "ಒಮ್ಮೆ ಪಂದ್ಯ ಮುಗಿದ ಮೇಲೂ ಹುಬ್ಬಳ್ಳಿಯಲ್ಲಿ ಪಾಸುಗಳು ಸ್ಕ್ಯಾನ್ ಆಗಿರುವುದು ಕಂಡುಬಂದಿದೆ." ಹೆಸರಿಲ್ಲ, ತಾರೀಖಿಲ್ಲ. ಸುಳ್ಳೂ ಹೇಳದೆ ಅವನನ್ನೂ ಉಳಿಸಿದೆನೆಂದು ಅಂದು ನೆಮ್ಮದಿಯಾಗಿ ಮಲಗಿದಳು. ಹುಬ್ಬಳ್ಳಿಯ ಗೇಟಿಗೆ ಇದ್ದದ್ದು ಒಂದೇ ಸ್ಕ್ಯಾನರು, ಅದನ್ನು ಹಿಡಿಯುವವನು ಒಬ್ಬನೇ ಎಂಬುದು, ಅಷ್ಟೆಲ್ಲ ಎಣಿಸಿದವಳ ಲಕ್ಷ್ಯಕ್ಕೇ ಬರಲಿಲ್ಲ.

ಕಂಪನಿ ಕೈ ತೆಗೆಯಿತು. ಲೀಗು ನಿಂತಿತು. ಶಿವಯೋಗೀಶ ಫೋನ್ ಮಾಡಿ ಉಣಕಲ್ ಕೆರೆಯ ದಂಡೆಗೆ ಬರಲು ಹೇಳಿದ.

ಸಂಜೆಯ ಕೆರೆ ಸೀಸದ ಬಣ್ಣಕ್ಕೆ ತಿರುಗಿತ್ತು. ಅವನು ಗಡ್ಡ ಬಿಟ್ಟಿದ್ದ. ಈ ಸಲ ನಡುವೆ ಜಾಗ ಬಿಡದೆ ಕೂತ.

"ಎಲ್ಲಾ ನಾನ ಮಾಡೇನಿ, ಯಾರೂ ಹೇಳಿದ್ದಿಲ್ಲ ಅಂತ ಕಂಪನಿಯವ್ರಿಗೆ ಸಹಿ ಮಾಡಿ ಕೊಟ್ಟೇನ್ರಿ."

"ಯಾಕ? ಮಾಡಿಸಿದವ್ರು ಗುರುಸಿದ್ದಯ್ಯನವರು! ನೀವ ಹೇಳಿದ್ರೆಲ್ಲ ನನಗ!"

"ಸಣ್ಣಗ ಮಾತಾಡ್ರಿ. ಹುಡುಗೂರ ಬಾಕಿ ಪಗಾರ ಯಜಮಾನ್ರು ತಿಂಗಳಾ ತಿಂಗಳಾ ಕೈಯಿಂದ ಕೊಡ್ತೇನಿ ಅಂದಾರ. ಮುಜಾಫರನ ಮೊಣಕಾಲು ಆಪರೇಶನ್ನೂ ಮಾಡಸ್ತಾರಂತ. ಆದ್ರ ಅವ್ರ ಹೆಸರು ಎಲ್ಲೂ ಹೊರಗ ಬರಬಾರದು. ಬಂತಂದ್ರ ಆ ದಿನನ ಬಂದ್."

"ನಾ ನಿಮ್ಮ ಹೆಸರು ಬರದಿದ್ದಿಲ್ರಿ."

"ಗೊತ್ತೈತಿ. ಗೇಟಿನ್ಯಾಗ ಇದ್ದಾಂವ ನಾ ಒಬ್ಬನ."

ಅವನ ದನಿಯಲ್ಲಿ ಒಂದು ಎಳೆ ಸಿಟ್ಟಾದರೂ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇರಲಿಲ್ಲ.

"ಬೈರಿ ನನಗ," ಅಂದಳು.

"ಯಾಕ ಬೈಲಿ? ಖಾಲಿ ಇದ್ದದ್ದನ್ನ ಖಾಲಿ ಅಂದ್ರಿ." ಅವನು ನೀರಿನತ್ತ ನೋಡುತ್ತ ಹೇಳಿದ, "ಖರೇ ಹೇಳಬೇಕಂದ್ರ, ಸೋಲಾಪುರಕ್ಕ ಹೊಂಟೇನಿ, ಗೋಡೌನಿನ್ಯಾಗ ಕೆಲಸ ಐತಿ, ನೀವೂ ಬರತೀರೇನು ಅಂತ ಕೇಳಾಕ ಬಂದಿದ್ದೆ. ದಾರ್ಯಾಗ ಮನಸ್ಸು ಬ್ಯಾಡ ಅಂತು."

"ಕೇಳ್ರಿ."

"ಬ್ಯಾಡ್ರಿ."

"ಕೇಳ್ರೆಲ್ಲ ಒಮ್ಮೆ!"

"ಎಣಸಾಕಿ ಗೇಟಿನಾವನ ಜೋಡಿ ಹೋದ್ಲು ಅಂತಾರ. ನಿಮ್ಮ ಎಣಿಕಿ ಒಂದು ಖರೇ ಉಳದೈತಿ ಇದರಾಗ. ಅದನ್ನೂ ಸುಳ್ಳು ಮಾಡ್ಲೇನು?"

ಅವಳು ಅವನ ಕೀಲು ತಪ್ಪಿದ ಭುಜಕ್ಕೆ ಹಣೆ ಹಚ್ಚಿದಳು. ಅಂಗಿಯಲ್ಲಿ ನೋವಿನ ಎಣ್ಣೆಯ ವಾಸನೆ. ಅವನ ಕೈ ಅವಳ ತಲೆಯ ಮೇಲೆ ಬಂದು ಅಲ್ಲೇ ನಿಂತಿತು. ಕತ್ತಲಾಗುವವರೆಗೆ ಇಬ್ಬರೂ ಅಲುಗಲಿಲ್ಲ. ಆಮೇಲೆ ಅವನು ಹುಬ್ಬಳ್ಳಿ ಕಡೆಯ ಚಿಗರಿ ಬಸ್ಸು ಹತ್ತಿದ, ಅವಳು ಧಾರವಾಡದ ಕಡೆಯದು.

ಮರುದಿನ ಕಚೇರಿಗೆ ಕಂಪನಿಯವರ ಫೋನು ಬಂತು. ಆ ರಾತ್ರಿ ಅವನು ಒಬ್ಬನೇ ಇದ್ದನೇ?

"ಒಬ್ಬರೇ ಇದ್ದರು." ಇದು ನಿಜ.

ಯಾರಾದರೂ ಹೇಳಿ ಮಾಡಿಸಿದ್ದೆಂದು ಏನಾದರೂ ಅಂದನೇ?

ಕಿಟಕಿಯಾಚೆ ಯಾರೋ ಸ್ಕೂಟಿ ಒದೆಯುತ್ತಿದ್ದರು. ಒದೆದೊದೆದು ಅದು ಕೊನೆಗೆ ಶುರುವಾಯಿತು. "ಇಲ್ಲ," ಅಂದಳು. "ಏನೂ ಅನ್ನಲಿಲ್ಲ."

ಸಂಜೆ ಮನೆಯಲ್ಲಿ ಅವ್ವ ಉಡಚವ್ವ ರೊಟ್ಟಿ ಬಡಿಯುತ್ತ ಕೇಳಿದಳು, "ಆ ಲೀಗಿನ ಕಳ್ಳ ಸಿಕ್ಕನಂತಲ್ಲವಾ, ಪೇಪರಿನ್ಯಾಗ ಬಂದೈತಂತ. ನೀ ನೋಡಿದ್ದೇನ ಅವನ್ನ? ಹ್ಯಾಂಗಿದ್ದ?"

ನಿಜ ಹೇಳಿದರೆ ಅವ್ವ ತನ್ನನ್ನು ಎದೆಗವಚಿಕೊಳ್ಳುತ್ತಿದ್ದಳು. ಹೇಳಿದರೆ ಅವನು ಒಂದು ಮನೆಯಲ್ಲಾದರೂ ಕಳ್ಳನಲ್ಲದವನಾಗುತ್ತಿದ್ದ. ಆದರೆ ಅಂಥವನಿಗೆ ಕಳ್ಳನ ಹೆಸರು ಬಂತಲ್ಲ ಎಂಬ ಸಂಕಟಕ್ಕೇ ಅವ್ವ ಬಾವಿಕಟ್ಟೆಯಲ್ಲಿ ಒಬ್ಬಳ ಕಿವಿಗೆ ಹಾಕುತ್ತಾಳೆ; ಆ ಮಾತು ಅಮರಗೋಳದ ಯಜಮಾನರಿಗೆ ಮುಟ್ಟಿ ಹುಡುಗರ ಪಗಾರ ನಿಲ್ಲಲು ಎಷ್ಟು ದಿನ?

"ಗೇಟಿನ್ಯಾಗ ಇರತಿದ್ದ," ಅಂದಳು ಸಂಘಮಿತ್ರಾ. "ನಾ ಅಷ್ಟ ನೋಡಿದ್ದಿಲ್ಲ."

ಅವ್ವನಿಗೂ ಇಲ್ಲ, ಯಾರಿಗೂ ಇಲ್ಲ, ಎಂದಿಗೂ ಇಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಅವಳು ತಟ್ಟೆ ಎಳೆದುಕೊಂಡಳು.