ಕವಲು ಹಾದಿ ನುಂಗಿದ ದಾರಿನುಂಗ

ಬಹಳ ಹಿಂದೆ, ಕಬ್ಬಿಣಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಉಕ್ಕಲಾವತಿ ಎಂಬ ರಾಜ್ಯವಿತ್ತು. ರಾಣಿ ಮುತ್ತಾಜಿ ಅದನ್ನು ಆಳುತ್ತಿದ್ದಳು. ಆ ರಾಜ್ಯಕ್ಕೊಂದು ಉಗಿಬಂಡಿ ಕಂಪನಿ ಇತ್ತು. ಐವತ್ತಾರು ದೇಶ ಸುತ್ತಿದರೂ ಅಂಥ ಕಂಪನಿ ಇನ್ನೊಂದು ಸಿಗುತ್ತಿರಲಿಲ್ಲ. ಸಿಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅವರು ಉಕ್ಕಲಾವತಿ ನೋಡಿದವರಲ್ಲ.

ಬಂಡಿ ಎಳೆಯುವ ಎಂಜಿನ್ನಿಗೆ ಕರಿಯಮ್ಮ ಎಂದು ಹೆಸರು. ಅವಳಿಗೆ ಜೀವವಿತ್ತು. ಕಲ್ಲಿದ್ದಲು ತಿನ್ನುತ್ತಿದ್ದಳು, ಕೆರೆಯ ನೀರು ಕುಡಿಯುತ್ತಿದ್ದಳು, ಸಿಟ್ಟು ಬಂದರೆ ಬುಸುಗುಡುತ್ತಿದ್ದಳು. ಪೂಜೆಯಾಗದ ಹಳಿಯ ಮೇಲೆ ಮಾತ್ರ ಒಂದು ಗಾಲಿಯನ್ನೂ ಇಡುತ್ತಿರಲಿಲ್ಲ. ಹಳಿಯ ತುದಿಯಲ್ಲಿ ತೆಂಗಿನಕಾಯಿ ಒಡೆದು, ಕಾಯಿನೀರಿನ ಹನಿ ಕಬ್ಬಿಣಕ್ಕೆ ತಾಗಿದ ಮೇಲೆಯೇ ಅವಳು ಹೊರಡುವುದು.

ಹಳಿ ಎಲ್ಲಿ ಹೋಗಬೇಕು, ಎಲ್ಲಿ ಕವಲೊಡೆಯಬೇಕು ಎಂದು ಗೊತ್ತುಮಾಡುವವನು ಬೊಮ್ಮಣ್ಣ. ಕೂಡಲ ಎಂಬ ಊರಿನ ಗಾಣಿಗರ ಮನೆಯ ಮಗ. ಭುಜದ ಮೇಲೆ ಅಳತೆಯ ಸರಪಳಿ, ಕಂಕುಳಲ್ಲಿ ಗೂಟಗಳ ಕಟ್ಟು ಇಟ್ಟುಕೊಂಡು ಅವನು ಇಡೀ ರಾಜ್ಯವನ್ನು ಕಾಲಲ್ಲೇ ತಿರುಗಿದ್ದ. ಏರು ಹೆಚ್ಚಾದರೆ ಕರಿಯಮ್ಮನಿಗೆ ಏದುಸಿರು ಬರುತ್ತದೆ. ಅದಕ್ಕೇ ಅವನು ಗುಡ್ಡದ ಬುಡದಲ್ಲಿ ನಿಂತು, "ಯಾವ ಮಗ್ಗಲಿಂದ ಬಳಸಿ ಬರ್ಲಪ್ಪಾ?" ಎಂದು ಗುಡ್ಡವನ್ನೇ ಕೇಳುತ್ತಿದ್ದ. ಗುಡ್ಡ ಹೇಳಿದ ಕಡೆ ಗೂಟ ಹೊಡೆಯುತ್ತಿದ್ದ.

ರಾಜಧಾನಿಯ ಕೋಟೆಯಿಂದ ಕೂಡಲದವರೆಗೆ ಹೆದ್ದಾರಿಯ ಹಳಿ ಹಾಕಿ ಮುಗಿದಿತ್ತು. ಕೂಡಲದಿಂದ ಮುಂದೆ ಮೂರು ಕವಲು ಹಾದಿ ಹೊರಡಬೇಕು: ಒಂದು ಉಪ್ಪಿನವರ ಊರು ಉಪ್ಪಂಗಳಕ್ಕೆ, ಒಂದು ನೇಕಾರರ ಊರು ಮಗ್ಗದೂರಿಗೆ, ಒಂದು ಸಜ್ಜೆಹಾಳಕ್ಕೆ. ಬೊಮ್ಮಣ್ಣ ಇದೆಲ್ಲವನ್ನೂ ಬಟ್ಟೆಯ ಮೇಲೆ ನಕ್ಷೆ ಬರೆದಾಗ ಅದು ಥೇಟ್ ಒಂದು ಮರದಂತೆ ಕಂಡಿತು. ಹೆದ್ದಾರಿಯೇ ಕಾಂಡ, ಕವಲುಗಳೇ ಕೊಂಬೆ. ರಾಣಿಗೆ ಅದು ಎಷ್ಟು ಹಿಡಿಸಿತೆಂದರೆ, ಬೆಳ್ಳಿಯ ಕಟ್ಟು ಹಾಕಿಸಿ ದರ್ಬಾರಿನಲ್ಲಿ ತೂಗುಹಾಕಿಸಿದಳು. ಜನ ಅದನ್ನು ಬೊಮ್ಮಣ್ಣನ ಮರ ಎಂದು ಕರೆದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ಬೊಮ್ಮಣ್ಣ ಒಮ್ಮೆ ಮೀಸೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಆದರೆ ಆ ಮೂರು ಊರುಗಳಿಗೆ ಹಿಡಿದ ಗ್ರಹ ಬೇರೆಯೇ ಇತ್ತು. ದಾರಿನುಂಗ ಎಂಬ ಮಾಯಾವಿ ಅವುಗಳ ಹಳೆಯ ದಾರಿಗಳನ್ನೆಲ್ಲ ನುಂಗಿಬಿಟ್ಟಿದ್ದ. ಗಾಡಿದಾರಿ ನುಂಗಿದ, ಕಾಲುದಾರಿ ನುಂಗಿದ, ಸಂತೆಯ ದಾರಿಯನ್ನು ಸಂತೆಯ ದಿನವೇ ನುಂಗಿದ. ಆ ಊರಿನವರು ಊರಾಚೆ ಹೆಜ್ಜೆ ಇಟ್ಟರೆ ತಿರುಗಿ ತಮ್ಮ ಹೊಸ್ತಿಲಿಗೇ ಬಂದು ನಿಲ್ಲುತ್ತಿದ್ದರು. ಹೊರಗಿನವರಿಗೂ ಊರಗೋಡೆ ದಾಟಿ ಒಳಗೆ ಹೋಗಲಾಗುತ್ತಿರಲಿಲ್ಲ. ಪೂಜೆಯಾದ ಹೊಸ ದಾರಿಯೊಂದು ಬಂದು ಉಳಿದರೆ ಮಾತ್ರ ಅವರಿಗೆ ಬಿಡುಗಡೆ.

ಬೊಮ್ಮಣ್ಣನ ಒಬ್ಬಳೇ ತಂಗಿ ನೀಲವ್ವ ಸಜ್ಜೆಹಾಳಕ್ಕೆ ಸೊಸೆಯಾಗಿ ಹೋಗಿದ್ದಳು. ಮದುವೆಯಾದ ವರ್ಷವೇ ದಾರಿ ಹೋಯಿತು. ಪಂಚಮಿ ಹಬ್ಬಕ್ಕೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು, ಅದು ಆ ಸೀಮೆಯ ಪದ್ಧತಿ. ಪ್ರತಿ ಪಂಚಮಿಗೂ ಅಪ್ಪ ಹುಣಸೆಮರಕ್ಕೆ ಜೋಕಾಲಿ ಕಟ್ಟುತ್ತಿದ್ದ. ಹಬ್ಬ ಮುಗಿದ ಮೇಲೆ ಯಾರೂ ಆಡದ ಜೋಕಾಲಿಯನ್ನು ತಾನೇ ಬಿಚ್ಚುತ್ತಿದ್ದ. ರಾಜ್ಯಕ್ಕೆಲ್ಲ ದಾರಿ ತೋರಿಸುವ ಬೊಮ್ಮಣ್ಣ ಬಿಚ್ಚಿದ ಹಗ್ಗವನ್ನು ಸುತ್ತಿ ಅಟ್ಟಕ್ಕೆ ಎತ್ತಿಡುತ್ತಿದ್ದ.

ಮೊದಲು ಉಪ್ಪಂಗಳದ ಕವಲು ಹಾಕಿದರು. ಊರಗೋಡೆಯ ಹತ್ತಿರ ಹಳಿ ಮುಗಿಸಿ, ತುದಿಯಲ್ಲಿ ತೆಂಗಿನಕಾಯಿ ಒಡೆದರು. ಕಾಯಿನೀರು ಇನ್ನೂ ಆರಿರಲಿಲ್ಲ, ದಾರಿನುಂಗ ಬಂದ. ಕಾಳು ತುಂಬುವ ಹಗೇವಿನಂಥ ಹೊಟ್ಟೆ, ಹಂಡೆಯಂಥ ಬಾಯಿ. ಕುಕ್ಕರಗಾಲಿನಲ್ಲಿ ಕೂತು, ಎರಡು ಬೆರಳಲ್ಲಿ ಹಳಿಯ ತುದಿ ಎತ್ತಿ, ಶಾವಿಗೆ ಹೀರಿದ ಹಾಗೆ ಸುರ್‍ರೆಂದು ಹೀರಿದ. ಕೆಲಸದವರೆಲ್ಲ ಉರುಳಿ ಉರುಳಿ ಕೂಡಲದಲ್ಲಿ ಬಂದು ಬಿದ್ದರು.

ಎರಡನೆಯದು ಮಗ್ಗದೂರಿನ ಕವಲು. ಈ ಸಲ ಬೊಮ್ಮಣ್ಣ ಹಳಿಯ ತುದಿಯ ಮೇಲೆ ಆನೆಗಾತ್ರದ ಬಂಡೆ ಹೇರಿಸಿದ. ಕಾಯಿ ಒಡೆದರು. ದಾರಿನುಂಗ ಬಂದ. ಬಂಡೆಯನ್ನು ಉಪ್ಪಿನಕಾಯಿಯಂತೆ ನಂಜಿಕೊಂಡು ಹಳಿಯನ್ನು ಸುರ್‍ರೆಂದು ಹೀರಿದ. ಎಲ್ಲರೂ ಮತ್ತೆ ಕೂಡಲದಲ್ಲಿ ಬಂದು ಬಿದ್ದರು.

ಮೂರನೆಯದು ಸಜ್ಜೆಹಾಳದ ಕವಲು. ಕಾಯಿ ಒಡೆದ ಕೂಡಲೇ ಬೊಮ್ಮಣ್ಣ ತಾನೇ ಹಳಿಯ ತುದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಎದುರಿಗೇ ಊರಗೋಡೆ. ಗೋಡೆಯ ಮೇಲೆ ಹೆಂಗಸೊಬ್ಬಳು ಸೆರಗು ಬೀಸುತ್ತಿದ್ದಳು.

"ಯಣ್ಣಾ! ಪಂಚಮಿಗೆ ಕರೀಲಿಕ್ಕೆ ಬಂದ್ಯೇನೋ?"

"ಬಂದೀನವ್ವಾ! ಅಲ್ಲೇ ಇರು!"

ಅಷ್ಟರಲ್ಲಿ ಬೆನ್ನ ಹಿಂದೆ ದಾರಿನುಂಗ ತೇಗಿದ.

"ಏಳೋ ಗಾಣಿಗಾ, ನನ್ನ ಊಟದ ಎಲೆ ಮ್ಯಾಲೆ ಕುಂತಿ."

"ಏಳಂಗಿಲ್ಲ. ಆಕಿ ನನ್ನ ತಂಗಿ ಅದಾಳ."

"ಇರಲಿ. ತುದಿ ಇರೂ ದಾರಿ ಎಲ್ಲಾ ನಂದು. ನಡುವ ಬಾಯಿ ಹಾಕೂಹಂಗಿಲ್ಲ, ಹಸೀದು ತಿನ್ನೂಹಂಗಿಲ್ಲ. ಪೂಜಿ ಆದದ್ದು, ತುದೀಲಿಂದ ತಿನ್ನಬೇಕು. ನನ್ನ ವರಾನೇ ಹಂಗ ಐತಿ." ಅವನು ಹೊಟ್ಟೆ ಸವರಿಕೊಂಡು ನಕ್ಕ. "ದರ್ಬಾರಿನಾಗ ನಿನ್ನ ಮರ ತೂಗಹಾಕ್ಯಾರಂತಲ್ಲೋ? ಭಾಳ ಚೊಲೋ ಮರ. ಇನ್ನೊಂದಿಷ್ಟು ಟೊಂಗಿ ಬಿಡು ತಮ್ಮಾ. ಟೊಂಗಿಗೊಂದು ತುದಿ, ತುದಿಗೊಂದು ಊಟ!"

ಹಳಿ ಬೊಮ್ಮಣ್ಣನ ಕೆಳಗಿಂದಲೇ ಸರಿಯಿತು. ತಂಗಿಯ ಸೆರಗು ಚುಕ್ಕಿಯಾಯಿತು, ಆ ಚುಕ್ಕಿಯೂ ಹೋಯಿತು. ಅವನು ಕೂಡಲದ ಧೂಳಿನಲ್ಲಿ ಬಂದು ಬಿದ್ದ. ಮೈಗೆ ಪೆಟ್ಟಾಗಿತ್ತು, ಅದು ದೊಡ್ಡದಲ್ಲ. ದಾರಿನುಂಗ ತನ್ನ ಮರವನ್ನು ಹೊಗಳಿದ್ದೇ ಅವನನ್ನು ಚುಚ್ಚಿತು. ಯಾವುದಕ್ಕೆ ಮೀಸೆ ತಿರುವಿದ್ದೆನೋ ಅದೇ ಅವನಿಗೆ ಊಟವಾಯಿತಲ್ಲ ಎಂದು ನಾಚಿಕೊಂಡ.

ಕುಂಟುತ್ತ ಮನೆಗೆ ಹೋದ. ಅಪ್ಪ ಗಾಣದ ಹತ್ತಿರ ಇದ್ದ. ಕಣ್ಣಿಗೆ ಬಟ್ಟೆ ಕಟ್ಟಿದ ಎತ್ತು ಗಾಣದ ಸುತ್ತ ತಿರುಗುತ್ತಿತ್ತು. ಅಪ್ಪ ಮಗನ ಮುಖ ನೋಡಿ ನೀರಿನ ತಂಬಿಗೆ ಕೊಟ್ಟ. ಎತ್ತು ನಿಧಾನ ಮಾಡಿದಾಗ ಅದರ ಬೆನ್ನು ತಟ್ಟಿ, ದಿನಾ ಹೇಳುವ ಮಾತನ್ನೇ ಹೇಳಿದ:

"ನಡಿ ನಡಿ ಮಗನಾ, ಇನ್ನೇನ ಊರು ಬಂತು!"

ಬೊಮ್ಮಣ್ಣ ಆ ಮಾತನ್ನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದ. ಆದರೆ ಅವತ್ತು ಅವನ ಕಣ್ಣು ಎತ್ತಿನ ಗೊರಸು ಸವೆಸಿದ ದಾರಿಯ ಮೇಲೆ ನಿಂತಿತು. ದುಂಡಗಿನ ದಾರಿ. ಎಲ್ಲಿಂದ ನೋಡಿದರೂ ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ.

"ಯಪ್ಪಾ, ಈ ದಾರೀಗೆ ತುದಿನೇ ಇಲ್ಲ!"

"ಗಾಣದ ದಾರೀಗೆ ಎಲ್ಲೀ ತುದಿಯೋ ಹುಚ್ಚಾ," ಎಂದ ಅಪ್ಪ. ಅಷ್ಟರಲ್ಲಿ ಮಗ ಬಾಗಿಲು ದಾಟಿ ಓಡುತ್ತಿದ್ದ.

ದರ್ಬಾರಿಗೆ ಹೋದವನೇ ಬೆಳ್ಳಿಕಟ್ಟಿನ ನಕ್ಷೆಯನ್ನು ಗೋಡೆಯಿಂದ ಇಳಿಸಿ, ಇದ್ದಿಲ ಚೂರಿನಿಂದ ಒಂದು ಕೊಂಬೆಯ ತುದಿಯನ್ನು ಇನ್ನೊಂದಕ್ಕೆ, ಇನ್ನೊಂದರದನ್ನು ಮತ್ತೊಂದಕ್ಕೆ ಸೇರಿಸಿ ಗೀಚಿದ. ಉಪ್ಪಂಗಳದಿಂದ ಮಗ್ಗದೂರು, ಮಗ್ಗದೂರಿನಿಂದ ಸಜ್ಜೆಹಾಳ. ಮರ ಹೋಗಿ ಚಕ್ರದಂಥದ್ದೊಂದು ಬಂತು.

ಪ್ರಧಾನಿ ಬಾಯಿ ಬಾಯಿ ಬಡಿದುಕೊಂಡ. "ಆ ಊರುಗಳ ನಡುವೆ ಇರುವುದು ಮಾತಾಡುವ ಕರಡಿಗಳ ಕಾಡು! ಅಲ್ಲಿ ಹಳಿ ಹಾಕಿದರೆ ಬಂಡಿ ಹತ್ತುವವರು ಯಾರಯ್ಯಾ?"

"ಕರಡೀನ ಹತ್ತಲಿ ಬಿಡ್ರಿ," ಎಂದ ಬೊಮ್ಮಣ್ಣ. "ಕೋಟಿಯಿಂದ ಕೂಡಲದ ತನಕ ಹೆದ್ದಾರಿಗೆ ದೇವಿ ದ್ಯಾಮವ್ವನ ಕಾವಲು ಐತಿ, ಅದರ ಮ್ಯಾಲ ಅವ ಕಾಲಿಡಂಗಿಲ್ಲ. ಈ ಮೂರು ತುದಿ ಕೂಡಿಸಿಬಿಟ್ರ ಅವಂಗ ಹಿಡೀಲಿಕ್ಕೆ ಒಂದೂ ತುದಿ ಸಿಗೂದಿಲ್ಲ."

ರಾಣಿ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. "ಬೊಮ್ಮಣ್ಣಾ, ಇಂಥ ಚೆಂದದ ಮರವನ್ನು ಕೆಡಿಸಿಬಿಟ್ಟೆಯಲ್ಲ."

"ಕೆಡ್ಲಿ ತಾಯಿ. ಅದು ನನ್ನ ಹೆಮ್ಮೀಗೆ ಬರೆದ ಮರ. ಇದು ಊರಿಗೆ ಬೇಕಾದ ದಾರಿ."

ರಾಣಿ ಸಿಂಹಾಸನದಿಂದ ಎದ್ದಳು. "ಮರ ಬರೆದವರನ್ನು ಕಂಡಿದ್ದೇನೆ. ತಾನು ಬರೆದದ್ದನ್ನು ತಾನೇ ಅಳಿಸುವವನನ್ನು ಇವತ್ತು ಕಂಡೆ. ಹೋಗು, ರಾಜ್ಯದ ಕಬ್ಬಿಣವೆಲ್ಲ ನಿನ್ನದು."

ಕೆಲಸ ಶುರುವಾಯಿತು. ಎಲ್ಲಿಯೂ ಕಾಯಿ ಒಡೆಯಲಿಲ್ಲ, ಆದ್ದರಿಂದ ದಾರಿನುಂಗನಿಗೆ ಅದು ಇನ್ನೂ ಹಸಿ ಅಡುಗೆ. ಕಾಯಿ ಒಡೆಯದೆ ಕರಿಯಮ್ಮನೂ ಕಾಲಿಡಳು, ಆದ್ದರಿಂದ ಹಳಿಗಳನ್ನೆಲ್ಲ ಜನರೇ ಹೆಗಲ ಮೇಲೆ ಹೊತ್ತರು. ಕಮ್ಮಾರರು ಹೊತ್ತರು, ಕುಂಬಾರರು ಹೊತ್ತರು, ಅರಮನೆಯ ಅಡುಗೆಯವರು ಹೊತ್ತರು. ಒಂದು ದಿನ ಪ್ರಧಾನಿಯೂ ಬೈದುಕೊಳ್ಳುತ್ತ ಹೊತ್ತ. ಕಾಡಿಗೆ ಬಂದಾಗ ಕರಡಿಗಳು ಏನಿದು ಎಂದು ಕೇಳಿದವು. ಬೊಮ್ಮಣ್ಣ ಹೇಳಿದ. ನಮ್ಮ ಜೇನು ಕೊಳ್ಳುವವರಿಲ್ಲದೆ ಹುಳಿಯುತ್ತಿದೆ, ನಿಲ್ದಾಣ ಕೊಡುತ್ತೀಯಾ ಎಂದವು. ಕೊಡುತ್ತೇನೆ ಎಂದ. ಅಲ್ಲಿಂದ ಮುಂದೆ ಹಳಿಯ ಕೆಳಗೆ ಹಾಸುವ ದಿಮ್ಮಿ ಹೊರುವ ಕೆಲಸ ಕರಡಿಗಳದೇ ಆಯಿತು. ಸಜ್ಜೆಹಾಳದ ಗೋಡೆಯ ಪಕ್ಕ ಹಳಿ ಹೋದಾಗ ನೀಲವ್ವ ಗೋಡೆಯ ಮೇಲಿಂದ ರೊಟ್ಟಿ ಚಟ್ನಿ ಎಸೆದಳು. ಅಣ್ಣನ ಕೈ ಮುಟ್ಟಲು ಮಾತ್ರ ಆಗಲಿಲ್ಲ, ಚಾಚಿದ ಕೈ ತಿರುಗಿ ಅವಳ ಎದೆಗೇ ಬಂದು ನಿಲ್ಲುತ್ತಿತ್ತು.

ಕೊನೆಗೆ ಕಾಡಿನ ನಡುವೆ ಒಂದೇ ಒಂದು ಹಳಿತುಂಡಿನಷ್ಟು ಜಾಗ ಉಳಿಯಿತು. ಈ ಕಡೆ ಮಗ್ಗದೂರಿನ ತುದಿ, ಆ ಕಡೆ ಸಜ್ಜೆಹಾಳದ ತುದಿ, ಎರಡೂ ಮುಖಾಮುಖಿ. ಬೊಮ್ಮಣ್ಣ ಎರಡು ತೆಂಗಿನಕಾಯಿ ತರಿಸಿದ. ಕೊನೆಯ ಹಳಿತುಂಡನ್ನು ಕರಡಿಗಳು ಎತ್ತಿಕೊಂಡು ಪೊದೆಯ ಹಿಂದೆ ನಿಂತವು. ಎರಡೂ ತುದಿಯಲ್ಲಿ ಒಟ್ಟಿಗೇ ಕಾಯಿ ಒಡೆದರು.

ದಾರಿನುಂಗ ಬಂದ. ಎರಡು ತುದಿ ಕಂಡು ಅವನ ಬಾಯಲ್ಲಿ ಕೆರೆಯಷ್ಟು ನೀರೂರಿತು. ಈ ತುದಿಗೆ ಬಾಗಿದ.

"ತಿನ್ನಪ್ಪಾ ತಿನ್ನು," ಎಂದ ಬೊಮ್ಮಣ್ಣ. "ಆದ್ರ ಆ ಕಡೀದು ಇದಕ್ಕಿಂತ ಉದ್ದ ಐತಿ."

ದಾರಿನುಂಗ ಆ ತುದಿಗೆ ಹಾರಿದ.

"ಹೌದು ಹೌದು, ಅದೂ ಚೊಲೋನ. ಆದ್ರ ಇದರ ಕಬ್ಬಿಣ ಮೆತ್ತಗೈತಿ ನೋಡು."

ಅವನು ಮತ್ತೆ ಈ ಕಡೆಗೆ ಜಿಗಿದ. ಒಂದು ಬಾಯಿ, ಎರಡು ಊಟ. ಅತಿ ಆಸೆ ಗತಿ ಕೇಡು ಎಂದು ಸುಮ್ಮನೆ ಹೇಳಿಲ್ಲ. ಇದನ್ನು ಮೊದಲು ತಿನ್ನಲೋ ಅದನ್ನು ಮೊದಲು ತಿನ್ನಲೋ ಎಂದು ಅವನು ತಲೆ ಕೆರೆದುಕೊಂಡು ನಿಂತಾಗ ಕರಡಿಗಳು ಹಳಿತುಂಡನ್ನು ತಂದು ಜಾಗದಲ್ಲಿ ಕೂರಿಸಿದವು. ಬೊಮ್ಮಣ್ಣ ಸುತ್ತಿಗೆ ಎತ್ತಿದ. ಠಣ್! ಠಣ್! ಠಣ್!

ದಾರಿನುಂಗ ತಿರುಗಿ ನೋಡಿದ. ಹಳಿ ಇತ್ತು, ತುದಿ ಇರಲಿಲ್ಲ.

"ತುದಿ ಎಲ್ಲೋ?"

"ಮುಂದ ಐತಿ. ನಡಿ ನಡಿ ಮಗನಾ, ಇನ್ನೇನ ಬಂತು!"

ತುದಿಯಿಲ್ಲದ ದಾರಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತುದಿ ಹುಡುಕುತ್ತ ಹಳಿ ಹಿಡಿದು ಓಡಿದ. ಸಜ್ಜೆಹಾಳ ದಾಟಿದ, ಕೂಡಲ ದಾಟಿದ, ಉಪ್ಪಂಗಳ ದಾಟಿದ, ಮಗ್ಗದೂರು ದಾಟಿ ಬೊಮ್ಮಣ್ಣನ ಮುಂದೆಯೇ ಬಂದು ನಿಂತ. "ಇನ್ನೇನ ಬಂತು," ಎಂದ ಬೊಮ್ಮಣ್ಣ. ಮತ್ತೆ ಓಡಿದ. ಓಡಿದ ಹಾಗೆ ಹೊಟ್ಟೆ ಕುಲುಕಿತು, ಕುಲುಕಿದ ಹಾಗೆ ನುಂಗಿದ್ದೆಲ್ಲ ಹೊರಗೆ ಬಿತ್ತು. ಮೊದಲ ಸುತ್ತಿನಲ್ಲಿ ಗಾಡಿದಾರಿಗಳು ಬಿದ್ದವು. ಎರಡನೆಯ ಸುತ್ತಿನಲ್ಲಿ ಕಾಲುದಾರಿಗಳು ಬಿದ್ದವು. ಮೂರನೆಯ ಸುತ್ತಿನಲ್ಲಿ ಸಂತೆಯ ದಾರಿ ಬಿತ್ತು, ಅದರ ಮೇಲೆ ಒಬ್ಬ ಬಳೆಗಾರ ಬಳೆಗಳ ಮಲಾರ ಹೊತ್ತು ನಡೆಯುತ್ತಲೇ ಇದ್ದ. ಒಳಗೆ ಏನೂ ಉಳಿಯದೆ ದಾರಿನುಂಗ ಬರಿ ಚೀಲವಾದ. ಆಗ ಕರಿಯಮ್ಮ ಕೂಡಲದಿಂದ ಹೊರಟು ಬಂದಳು, ಚೀಲವನ್ನು ನೋಡಿದಳು, ಒಮ್ಮೆ ಉಗಿ ಬಿಟ್ಟು ಸೀನಿದಳು. ಚೀಲ ಹಾರಿಹೋಯಿತು. ಎಲ್ಲಿಗೆ ಎಂದು ಯಾರೂ ಹುಡುಕಲಿಲ್ಲ.

ಆ ವರ್ಷದ ಪಂಚಮಿಗೆ ಬೊಮ್ಮಣ್ಣ ಬಂಡಿಯಲ್ಲಿ ಹೋಗಿ ತಂಗಿಯನ್ನು ಕರೆತಂದ. ದಾರಿಯುದ್ದಕ್ಕೂ ನೀಲವ್ವ ಕಿಟಕಿಯ ಪಕ್ಕ ಕೂತು, ಕೇಳಿದವರಿಗೂ ಕೇಳದವರಿಗೂ ಹೇಳಿದಳು: "ಇದು ನಮ್ಮಣ್ಣ ಹಾಕಿದ ದಾರಿ." ಜೇನಿನ ಗಡಿಗೆ ಹಿಡಿದು ಎದುರಿಗೆ ಕೂತಿದ್ದ ಕರಡಿಗೂ ಹೇಳಿದಳು. "ದಿಮ್ಮಿ ನಾವು ಹೊತ್ತದ್ದು," ಎಂದಿತು ಕರಡಿ. ಬೊಮ್ಮಣ್ಣ ಆಚೆ ನೋಡುತ್ತ ಕೂತಿದ್ದ, ಆದರೆ ಕೈ ತಾನಾಗಿ ಮೀಸೆಗೆ ಹೋಗಿತ್ತು.

ಹುಣಸೆಮರದ ಜೋಕಾಲಿ ಆ ಸಲ ಹಬ್ಬ ಮುಗಿಯುವವರೆಗೂ ನಿಲ್ಲಲಿಲ್ಲ.

ಹಬ್ಬ ಕಳೆದು ನೀಲವ್ವ ಗಂಡನ ಮನೆಗೆ ಹೊರಟಾಗ ಅಪ್ಪ ನಿಲ್ದಾಣದವರೆಗೆ ಬಂದ. ಮಗಳು ಬಂಡಿ ಹತ್ತುವಾಗ ಅವಳ ಬಟ್ಟೆಯ ಗಂಟನ್ನು ಎತ್ತಿಕೊಟ್ಟ.

"ಮತ್ತ ದೂರ ಹೊಂಟಿ ಮಗಳ."

ನೀಲವ್ವ ನಕ್ಕಳು. "ಯಪ್ಪಾ, ಅಣ್ಣನ ದಾರೀಗೆ ದೂರ ಅನ್ನೂದ ಇಲ್ಲ. ಈಗ ನಾ ಹೊಂಟದ್ದು ಸಜ್ಜೆಹಾಳಕ್ಕ. ಅಲ್ಲಿ ಇಳೀದೇ ಹಂಗೇ ಕುಂತ್ರ, ತಿರುಗಿ ನಿನ್ನ ಬಾಗಿಲಿಗೇ ಬರ್ತೀನಿ. ತವರು ಬಿಟ್ಟು ಹೊಂಟ್ರೂ ತವರಿನ ಕಡೀಗೇ ಹೊಂಟಂಗ."

ಕರಿಯಮ್ಮ ಕೂಗಿದಳು, ಬಂಡಿ ಹೊರಟಿತು. ಅಪ್ಪ ಸೆರಗು ಕಾಣುವವರೆಗೂ ಆ ಕಡೆ ನೋಡಿದ. ಆಮೇಲೆ ತಿರುಗಿ, ಬಂಡಿ ವಾಪಸು ಬರುವ ಈ ಕಡೆಗೆ ಮುಖ ಮಾಡಿ, ನಿಲ್ದಾಣದ ಕಟ್ಟೆಯ ಮೇಲೆ ಹಾಯಾಗಿ ಕೂತ.

ಉಕ್ಕಲಾವತಿಯಲ್ಲಿ ಇವತ್ತಿಗೂ ಹಾದಿ ಕವಲೊಡೆಯುತ್ತದೆ, ಕವಲು ಕೂಡುತ್ತದೆ, ಹೋದವರು ಬರುತ್ತಾರೆ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಅವರ ಸುದ್ದಿ ಹೇಳಿಕೊಂಡು ಸುಖವಾಗಿದ್ದೇವೆ.